ಸ್ನೇಹಲಳ ಪಾಲಿನ ನೀರು

“ನಿನಗೇನೂ ತ್ರಾಸ ಕೊಡಂಗಿಲ್ಲವ್ವ ಸ್ನೇಹಾ. ನೀ ಬರೇ ನೀರಿನ ಬಾಟ್ಲಿ ತಗೊಂಡು ಬಾ,” ಎನ್ನುತ್ತ ಸೂಗಮ್ಮ ಕೊನೆಗೆ ಉಳಿದಿದ್ದ ಕಿರುಬೆರಳನ್ನು ಮಡಚಿದಳು. “ಮತ್ತ ಚಿಪ್ಸಿನ ಪಾಕೀಟು, ಕಾಗದದ ತಾಟು. ಮುಗೀತು ನಿನ್ನ ಕೆಲಸ.”

ಹುಮನಾಬಾದಿನ ಆ ಬಡಾವಣೆಯಲ್ಲಿ ಸೂಗಮ್ಮನ ಮನೆಯ ಪಡಸಾಲೆಯೇ ದೊಡ್ಡದು. ಯಾವ ಮಸಲತ್ತು ನಡೆದರೂ ಅಲ್ಲೇ ನಡೆಯಬೇಕು. ಈ ಸಲದ ಮಸಲತ್ತು ಹೈದರಾಬಾದಿನ ಫಿಲ್ಮ್ ಸಿಟಿಯದು. ಮೂರು ಮನೆಯವರು ಕೂಡಿ ಭಾನುವಾರ ಕತ್ತಲಿರುವಾಗಲೇ ಟೆಂಪೋ ಮಾಡಿಕೊಂಡು ಹೊರಡುವುದು, ದಿನವಿಡೀ ಸುತ್ತುವುದು, ಕತ್ತಲಾದ ಮೇಲೆ ತಿರುಗಿ ಬರುವುದು. ಒಳಗೆ ಹೊರಗಿನ ಊಟ ಬಿಡುವುದಿಲ್ಲವಂತೆ ಎಂದು ಯಾರೋ ಹೇಳಿದ್ದರು. ಹಾಗಾಗಿ ಮುಂಜಾನೆಯ ನಾಷ್ಟಾ ಜಹೀರಾಬಾದು ದಾಟಿದ ಮೇಲೆ ಯಾವುದಾದರೂ ಮರದ ಕೆಳಗೆ, ಸಂಜೆಯ ಊಟ ತಿರುಗಿ ಬರುವಾಗ ಮತ್ತೊಂದು ಮರದ ಕೆಳಗೆ. ಕಡಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸೂಗಮ್ಮನ ಪಾಲು. ದಪಾಟಿ, ಸುಸಲಾ, ಮೊಸರು ಪಕ್ಕದ ಮನೆಯ ಸೋನಾಲಿಯ ಪಾಲು.

“ನಾನೂ ಏನರೆ ಮಾಡ್ತೀನ್ರಿ ಅಕ್ಕಾ,” ಎಂದಳು ಸ್ನೇಹಲ. “ಶೇಂಗಾ ಹೋಳಿಗಿ ಮಾಡ್ಲೇನು? ನಾಕು ದಿನ ಇಟ್ರೂ ಕೆಡಂಗಿಲ್ಲ.”

“ಅಯ್ಯ, ಬ್ಯಾಡ ತಂಗಿ. ನಿನಗ ಸಣ್ಣ ಹುಡುಗಿ ಅದ, ಅದನ್ನ ಎಬ್ಬಿಸಿ ತಯಾರು ಮಾಡೋದ್ರಾಗ ಸಾಕಾಗ್ತದ. ನಾವದೀವಲ್ಲ. ನೀ ಫಿಕರ್ ಮಾಡಬ್ಯಾಡ.”

ಸೋನಾಲಿ ತನ್ನ ತೊಡೆಯ ಮೇಲೆ ನಿದ್ದೆಹೋಗಿದ್ದ ಮಗಳ ತಲೆ ಸವರುತ್ತ, “ಹೌದ್ರಿ ವೈನಿ, ನೀವು ಆರಾಮ ಬರ್ರಿ,” ಎಂದಳು. ಸೋನಾಲಿಯ ಮಗಳು ತನ್ನ ಮಗಳು ಪೂನಂಗಿಂತಲೂ ಚಿಕ್ಕವಳು ಎಂಬುದು ಆ ಹೊತ್ತಿನಲ್ಲಿ ಸ್ನೇಹಲಳಿಗೆ ಹೊಳೆಯಲೇ ಇಲ್ಲ.

ಹೊಳೆಯುವುದಿರಲಿ, ಅವಳು ಖುಷಿಯಾದಳು. ಮನೆಗೆ ನಡೆದು ಬರುವಾಗ ಶಾಲೆಗೆ ರಜೆ ಕೊಟ್ಟಷ್ಟು ಹಗುರವಾಗಿದ್ದಳು. ಎಂಥ ಹೆಂಗಸು ಈ ಸೂಗಮ್ಮ, ಎಷ್ಟು ಜೀವ ತನ್ನ ಮೇಲೆ! ಸ್ನೇಹಲಳ ತವರು ಬಸವಕಲ್ಯಾಣ ಎಂದು ತಿಳಿದ ದಿನದಿಂದ ಸೂಗಮ್ಮ ಅವಳನ್ನು ‘ಕಲ್ಯಾಣದ ಮಗಳು’ ಎಂದೇ ಕರೆಯುತ್ತಿದ್ದಳು. ಒಮ್ಮೆ ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಿ, ದಾಸೋಹದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡಿದ್ದಳು. ಆಮೇಲಾಮೇಲೆ ಈ ಎಲ್ಲವನ್ನು ನೆನೆದಾಗ ಸ್ನೇಹಲಳಿಗೆ ಹೇಸಿಗೆಯಾದದ್ದು ಸೂಗಮ್ಮನ ಮೇಲೆ ಮಾತ್ರ ಅಲ್ಲ. ಆ ಸಂಜೆ ತಾನು ಪಟ್ಟ ಖುಷಿಯ ಮೇಲೆಯೂ.

ಸ್ನೇಹಲಳ ಗಂಡ ರತ್ನದೀಪ ಚಿಟಗುಪ್ಪದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸೂಗಮ್ಮನ ಗಂಡ ಚನ್ನಬಸಪ್ಪ ಅದೇ ಶಾಲೆಯ ಹೆಡ್‌ಮಾಸ್ತರ. ಸೋನಾಲಿಯ ಗಂಡ ಧರ್ಮೇಂದ್ರನದು ಬಜಾರಿನಲ್ಲಿ ಕರೆಂಟ್ ಸಾಮಾನಿನ ಅಂಗಡಿ. ಟೆಂಪೋ ಗೊತ್ತು ಮಾಡಿದವನು ಅವನೇ. ರತ್ನದೀಪ ಘಾಟಬೋರಾಳದ ಕೂಲಿ ಮಾಡುವ ಮನೆಯಿಂದ ಓದಿ ಮೇಲೆ ಬಂದವನು. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ ಒಂದು, ಬಾಬಾಸಾಹೇಬರದು ಒಂದು. ಅದನ್ನು ನೋಡಿದವರಿಗೆ ಜಾತಿ ಕೇಳುವ ಕೆಲಸ ಉಳಿಯುವುದಿಲ್ಲ. ಬಡಾವಣೆಯಲ್ಲಿ ಯಾರೂ ಕೇಳಿಯೂ ಇರಲಿಲ್ಲ. ಎಲ್ಲರೂ ನಕ್ಕು ಮಾತಾಡಿಸುತ್ತಿದ್ದರು. ಸೂಗಮ್ಮನಂತೂ ವಾರಕ್ಕೊಮ್ಮೆ ಬಂದು ಇವರ ಸೋಫಾದಲ್ಲಿ ಕೂತು ಹೋಗುತ್ತಿದ್ದಳು. ಚಹಾ ಎಂದರೆ ಮಾತ್ರ, “ಈಗಿನ್ನ ಕುಡದು ಬಂದೀನಿ ನೋಡವ್ವ,” ಎನ್ನುತ್ತಿದ್ದಳು.

ಇನ್ನು ಪೂನಂ. ಅವಳಿಗೆ ಫಿಲ್ಮ್ ಸಿಟಿಯ ಒಳಗಿನ ದಾರಿಗಳೆಲ್ಲ ಹೋಗದೆಯೇ ಬಾಯಿಪಾಠವಾಗಿದ್ದವು. ಅಮ್ಮನ ಮೊಬೈಲಿನಲ್ಲಿ ನೋಡಿ ನೋಡಿ ಯಾವ ಅರಮನೆ ಬರೀ ಮುಂಗೋಡೆಯದು, ಯಾವ ರೈಲು ನಿಂತಲ್ಲೇ ಅಲುಗುತ್ತದೆ ಎಲ್ಲ ಗೊತ್ತು. ತರಗತಿಯಲ್ಲಿ ಮಕ್ಕಳು ರಜೆಯಿಂದ ಬಂದು ಅಲ್ಲಿಯದು ಇಲ್ಲಿಯದು ಹೇಳುವಾಗ ಇಷ್ಟು ವರ್ಷ ಸುಮ್ಮನೆ ಕೇಳುತ್ತ ಕೂತವಳು. ಈ ಸಲ ತಾನೇ ಹೇಳುವವಳು. ಹೇಳಲು ಈಗಲೇ ಶುರುಮಾಡಿಯೂ ಬಿಟ್ಟಿದ್ದಳು.

ಶುಕ್ರವಾರ ಸಂಜೆ ಸ್ನೇಹಲ ಮಗಳಿಗೆ ಹೊಲಿಯಲು ಹಾಕಿದ್ದ ಕುರ್ತಾ ತರಲು ಓಣಿಯ ಕೊನೆಯ ಮನೆಗೆ ಹೋದಳು. ಅಲ್ಲಿ ಫಕ್ರುನ್ನೀಸಾ ಆಪಾ ಹೊಲಿಗೆ ಮಶಿನ್ನಿನ ಮುಂದೆ ಕೂತಿದ್ದಳು. ಆಪಾಳ ಗಂಡ ರತ್ನದೀಪನ ಶಾಲೆಯಲ್ಲೇ ಉರ್ದು ಕಲಿಸುತ್ತಿದ್ದವರು, ಈ ವರ್ಷವಷ್ಟೇ ನಿವೃತ್ತರಾಗಿದ್ದರು.

“ಸಿನಿಮಾದ ಊರಿಗೆ ಹೊಂಟೀರಂತ? ಮಜಾ ಮಾಡ್ರಿ ಮಜಾ,” ಎಂದಳು ಆಪಾ ಕಾಲಾಡಿಸುತ್ತಲೇ. “ಏನೇನು ಮಾಡ್ಕೊಂಡು ಹೊಂಟಿ?”

“ನಂದೇನಿಲ್ರಿ ಆಪಾ. ಸೂಗಮ್ಮಕ್ಕ ನನಗ ಏನೂ ಮಾಡಗೊಡವಲ್ರು. ಬರೇ ನೀರಿನ ಬಾಟ್ಲಿ, ಚಿಪ್ಸು, ತಾಟು ತಾ ಅಂದಾರ.”

ಮಶಿನ್ನು ನಿಂತಿತು. ಆಪಾ ಚಷ್ಮಾದ ಮೇಲಿನಿಂದ ಸ್ನೇಹಲಳನ್ನು ನೋಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿನಿಂದ ನಗು ಎದ್ದಿತು. ನಕ್ಕು ನಕ್ಕು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

“ಅಂದ್ರ ಈ ಸಲ ನಿನ್ನ ಪಾಲಿಗೆ ಬಂತು!”

“ಏನ್ರಿ ಆಪಾ?”

“ಹೋದ ವರ್ಷ ವಿಜಾಪುರಕ್ಕ ಇವರ ಜೋಡಿ ನಾವು ಹೋಗಿದ್ವಿ, ಗೊತ್ತಿಲ್ಲ? ಆವಾಗ ನನ್ನ ಪಾಲಿಗೆ ನೀರು, ಚಿಪ್ಸು, ತಾಟು. ನಾ ಅಂದೆ, ಸೂಗಮ್ಮಾ, ನಾ ಶಾವಿಗಿ ಖೀರು ಮಾಡ್ಕೊಂಡು ಬರ್ತೀನಿ ಅಂತ. ‘ಬ್ಯಾಡ್ರಿ ಆಪಾ, ನಿಮಗ್ಯಾಕ ತಕಲೀಫು’ ಅಂದ್ಳು. ನಾನೂ ನಿನ್ನಂಗ ಖುಷಿಯಾಗಿದ್ದೆ, ಬೇಟಾ.” ಆಪಾ ದಾರ ಕಡಿದು ಕುರ್ತಾ ಝಾಡಿಸಿದಳು. “ಸೀಲ್ ಇದ್ದಿದ್ದೆಲ್ಲಾ ನಮ್ಮ ಪಾಲಿಗೆ. ನಮ್ಮ ಕೈ ಒಳಗ ಹೋಗಲಾರದ್ದು. ನಂದಾದ್ರ ಮಾಂಸ ಬೇಯೋ ಮನಿ ಅಂತ ಒಂದು ನೆವ ಅದ. ನಿಂದು...” ಎಂದವಳು ಸ್ನೇಹಲಳ ಮುಖ ನೋಡಿ ನಗು ನಿಲ್ಲಿಸಿದಳು. “ಜಾಂದೇ ಬಿಡು. ಬಾಯಿ ನಂದು ಸುಮ್ನಿರಂಗಿಲ್ಲ. ಹುಡುಗಿನ್ನ ಕರ್ಕೊಂಡು ಹೋಗಿ ಬಾ.”

ಸ್ನೇಹಲಳಿಗೆ ಮೊದಲು ಸಿಟ್ಟು ಬಂದದ್ದು ಆಪಾಳ ಮೇಲೆ. ಒಳ್ಳೆಯದರಲ್ಲಿ ಹುಳುಕು ಹುಡುಕುವ ಮುದುಕಿ, ಎಂದುಕೊಂಡು ಕುರ್ತಾ ಬಗಲಲ್ಲಿಟ್ಟುಕೊಂಡು ಸರಸರ ನಡೆದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಕಾಲು ನಿಧಾನವಾಯಿತು. ಅವಳಿಗೆ ಉಪ್ಪು ನೆನಪಾಗಿತ್ತು.

ತಿಂಗಳ ಹಿಂದಿನ ಎಳ್ಳಮಾವಾಸ್ಯೆ. ಗೋಡೆಯ ಮೇಲೆ ಯಾರ ಫೋಟೋ ಇದ್ದರೂ ಘಾಟಬೋರಾಳದಲ್ಲಿ ಅತ್ತೆ ಶೇವಂತಾಬಾಯಿ ಆ ಅಮಾವಾಸ್ಯೆ ಬಿಟ್ಟವಳಲ್ಲ. ಭೂಮಿಯ ಹಬ್ಬ, ಭೂಮಿಗೆ ಯಾವ ಧರ್ಮ ಎನ್ನುತ್ತಿದ್ದಳು. ಹೊಲದ ಸೊಪ್ಪು, ಹಸಿ ಕಾಳು, ಕಾಯಿಪಲ್ಯ ಎಲ್ಲ ಕೂಡಿಸಿ ದೊಡ್ಡ ಬೋಗುಣಿಯಲ್ಲಿ ಭಜ್ಜಿ ಕುದಿಸುವುದು. ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವವರೆಗೆ ಅದನ್ನು ಯಾರೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಆ ದಿನ ಅತ್ತೆ ಉಪ್ಪು ಹಾಕಿ ದನ ಬಿಡಲು ಎದ್ದು ಹೋಗಿದ್ದಳು. ಸ್ನೇಹಲ ನೀರು ತಂದು, ಅತ್ತೆ ಉಪ್ಪು ಮರೆತಳೆಂದು ತಾನೂ ಹಾಕಿದಳು. ಚರಗ ಚೆಲ್ಲಿಯಾಯಿತು. “ಮೊದಲು ಮಂದಿಗೆ, ಆಮ್ಯಾಲೆ ಮನಿಗೆ,” ಎಂದು ಅತ್ತೆ ಸೂಗಮ್ಮನ ಮನೆಗೆಂದು ದೊಡ್ಡ ಸ್ಟೀಲ್ ಡಬ್ಬಿ ತುಂಬಿ, ಮೇಲೆ ಸಜ್ಜೆಯ ರೊಟ್ಟಿ ಇಟ್ಟು ರತ್ನದೀಪನ ಗಾಡಿಗೆ ಕಟ್ಟಿ ಕಳಿಸಿದಳು. ಆಮೇಲೆ ಉಳಿದವರು ಉಣ್ಣಲು ಕೂತರು. ಮೊದಲ ತುತ್ತಿಗೇ ಮೈದುನ ಸಂಘರತ್ನ ಎದ್ದು ಬದುವಿನಾಚೆ ಹೋಗಿ ಉಗುಳಿ ಬಂದ. ಬಾಯಿಗಿಡುವ ಹಾಗಿರಲಿಲ್ಲ. ಅಂಬಲಿ ಸುರಿದರೂ ಇಲ್ಲ, ಮೊಸರು ಸುರಿದರೂ ಇಲ್ಲ. ಕೊನೆಗೆ ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಲು ಶುರುಮಾಡಿದ್ದರು. ಸೂಗಮ್ಮನಿಗೆ ಫೋನು ಮಾಡಿ ‘ಉಣಬ್ಯಾಡ್ರಿ’ ಎನ್ನಲು ಮಾತ್ರ ಸ್ನೇಹಲಳಿಗೆ ನಾಚಿಕೆ.

ಮರುದಿನ ಸೂಗಮ್ಮ ತಾನೇ ಬಂದು ಡಬ್ಬಿ ಕೊಟ್ಟಿದ್ದಳು. ತೊಳೆದು ಫಳಫಳ ಮಾಡಿ, ಬರಿದು ಕೊಡಬಾರದೆಂದು ಒಳಗೆ ಸಕ್ಕರೆ ತುಂಬಿ. “ನಿಮ್ಮ ಅತ್ತಿ ಕೈ ಬಂಗಾರದ್ದವ್ವ! ಏನು ಭಜ್ಜಿ! ಉಪ್ಪು ಖಾರ ಎಲ್ಲಾ ಬರಾಬ್ಬರಿ. ಬೆರಳು ಚೀಪಿದ್ವಿ ನೋಡು.” ಆ ಮಾತು ಕೇಳಿ ಸ್ನೇಹಲಳ ಕಣ್ಣು ತುಂಬಿತ್ತು. ನಮ್ಮ ಮರ್ಯಾದೆ ಉಳಿಸಲು ಅಷ್ಟು ಉಪ್ಪು ನುಂಗಿ ಬರಾಬ್ಬರಿ ಅಂದಳಲ್ಲ, ಎಂಥ ದೊಡ್ಡ ಮನಸ್ಸು ಎಂದು ಅತ್ತೆಗೆ ಫೋನು ಮಾಡಿ ಹೇಳಿದ್ದಳು. ಅತ್ತೆ ಆ ಕಡೆಯಿಂದ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಈಗ ಓಣಿಯ ನಡುವೆ ನಿಂತವಳಿಗೆ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ಹಾಗೆ. ಒಂದು ತುತ್ತು ತಿಂದಿದ್ದರೂ ಆ ಮಾತು ಆಡಲು ಬರುತ್ತಿರಲಿಲ್ಲ. ತಿಂದಿಲ್ಲ. ಮುಚ್ಚಳ ತೆಗೆದಿದ್ದಾಳೋ ಇಲ್ಲವೋ. ಗಟಾರಕ್ಕೋ, ನಾಯಿಗೋ. ಅತ್ತೆ ತನ್ನ ಮನೆಯವರಿಗೂ ಮೊದಲು ಬಗ್ಗಿಸಿ ತುಂಬಿದ ಭಜ್ಜಿ. ಮತ್ತೆ ಆ ಸಕ್ಕರೆ! ಅದನ್ನು ಹಾಕಿ ತಾನು ವಾರವೆಲ್ಲ ಚಹಾ ಕುಡಿದಿದ್ದಳು. ಒಂದೆರಡು ಸಲ, ಸೂಗಮ್ಮಕ್ಕನ ಸಕ್ಕರೆಗೆ ಸಿಹಿ ಹೆಚ್ಚು ಎಂದು ಗಂಡನಿಗೆ ಹೇಳಿಯೂ ಇದ್ದಳು. ಆ ಸಿಹಿಯನ್ನು ಈಗ ಎಲ್ಲಿಂದ ಕಕ್ಕುವುದು?

ಪೂನಂ ಹೊಸ ಕುರ್ತಾ ತೊಟ್ಟು ಕನ್ನಡಿಗೆ ಹೋದ ಕೂಡಲೇ ಸ್ನೇಹಲ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. ರತ್ನದೀಪ ನಿಂತುಕೊಂಡೇ ಚಹಾ ಕುಡಿಯುತ್ತಿದ್ದ. ಆಪಾ ಹೇಳಿದ್ದನ್ನೂ ಉಪ್ಪಿನದನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಬೆಚ್ಚಿ ಬೀಳುತ್ತಾನೆ, ಸಿಟ್ಟಾಗುತ್ತಾನೆ, ಇಲ್ಲವೇ ‘ನಿಂದೆಲ್ಲಾ ಖಾಲಿಪೀಲಿ ಸಂಶಯ’ ಎಂದು ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಅವಳಿಗೆ ಎಷ್ಟೋ ಆರಾಮಾಗುತ್ತಿತ್ತು. ಅವನು ಕಪ್ಪಿನ ತಳ ನೋಡಿದ.

“ಗೊತ್ತದ,” ಎಂದ.

“ಏನು ಗೊತ್ತದ?”

“ಅವರು ನಮ್ಮ ಮನೀದು ತಿನ್ನಂಗಿಲ್ಲ. ಗೊತ್ತದ ನನಗ.”

“ಯಾವಾಗಿಂದ?”

ರತ್ನದೀಪ ಕಪ್ಪು ಕೆಳಗಿಟ್ಟ. “ನಾ ದಿನಾ ಬಿಸ್ಕಿಟ್ ಪುಡಿಕಿ ಯಾಕ ಒಯ್ತೀನಿ ಅಂತ ಮಾಡಿದ್ದಿ?”

ತಿಂಗಳ ಸಾಮಾನಿನ ಜೊತೆ ಆ ಪುಡಿಕೆಗಳನ್ನು ತರುತ್ತಿದ್ದವಳು ಅವಳೇ. ದಿನಾ ಮುಂಜಾನೆ ಊಟದ ಡಬ್ಬಿಯ ಪಕ್ಕ ಒಂದನ್ನು ಇಡುತ್ತಿದ್ದವಳೂ ಅವಳೇ. ಮಾಸ್ತರಾಗಿಯೂ ಹುಡುಗರ ಹಾಗೆ ಬಿಸ್ಕಿಟಿನ ಚಟ ಎಂದು ಪೂನಂಳ ಮುಂದೆ ಎಷ್ಟು ಸಲ ನಕ್ಕಿದ್ದಾಳೋ.

“ಮೊದಲ ವರ್ಷ ನೀ ಪುಂಡಿ ಪಲ್ಯ ಮಾಡಿ ಕೊಟ್ಟಿದ್ದಿ. ಸ್ಟಾಫ್ ರೂಮಿನಾಗ ಎಲ್ಲಾರ ಡಬ್ಬಿ ನಡುವ ನಂದೂ ಇಟ್ಟೆ. ಯಾರೂ ಬ್ಯಾಡ ಅನ್ಲಿಲ್ಲ. ಯಾರೂ ಮುಟ್ಟಲೂ ಇಲ್ಲ. ಘಂಟಿ ಆತು, ಮುಚ್ಚಿ ಇಟ್ಟೆ. ಮರುದಿನದಿಂದ ನಾ ಲೈಬ್ರರಿ ಕೋಣ್ಯಾಗ ಪೇಪರ್ ಓದಕೋತ ಉಣ್ತೀನಿ. ಚಹಾದ ಹೊತ್ತಿಗೆ ಹೋಗಿ ಬಿಸ್ಕಿಟ್ ಪುಡಿಕಿ ಒಡದು ಇಡ್ತೀನಿ. ಅದನ್ನ ಎಲ್ಲಾರೂ ತಿಂತಾರ. ಹೆಡ್‌ಮಾಸ್ತರು ಕೈ ಚಾಚೇ ತಗೋತಾರ.”

“ಮತ್ತ ಭಜ್ಜಿ ಡಬ್ಬಿ? ನೀವೇ ಒಯ್ದು ಕೊಟ್ಟು ಬಂದ್ರಲ್ಲ?”

“ಅವ್ವ ತುಂಬಿ ಕೊಟ್ಟಿದ್ಳು. ಬ್ಯಾಡ ಅಂತ ಹ್ಯಾಂಗ ಅನಲಿ?”

“ಕೊಟ್ಟು ನಿಂತು ನಕ್ಕು ಮಾತಾಡಿ ಬಂದ್ರಿ.”

“ಬಂದೆ.”

ಅವನು ದನಿ ಏರಿಸಲಿಲ್ಲ, ಕಣ್ಣೂ ಎತ್ತಲಿಲ್ಲ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಬಂದ ಗಂಡನ ಮೇಲೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಹುಟ್ಟಿದ್ದು ಅಸಹ್ಯ. ಆ ತಗ್ಗಿದ ತಲೆ, ಸಣ್ಣ ದನಿ, ಚಹಾದ ಅಂಚು ಅಂಟಿದ ಮೀಸೆ, ಎಲ್ಲ ಅಸಹ್ಯವಾಯಿತು. ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ ಬಿಸ್ಕಿಟ್ ಪುಡಿಕೆಗಳನ್ನು ನೋಡಿದರೆ ಯಾರದೋ ಎಂಜಲನ್ನು ತನ್ನ ಮನೆಯಲ್ಲಿ ಜೋಡಿಸಿ ಇಟ್ಟುಕೊಂಡ ಹಾಗಿತ್ತು.

“ನಾ ಬರಂಗಿಲ್ಲ,” ಎಂದಳು.

ಅಷ್ಟರಲ್ಲಿ ಪೂನಂ ಬಾಗಿಲು ತಳ್ಳಿಕೊಂಡು ಬಂದಳು. ಕುರ್ತಾದ ಚುಂಗು ಎರಡೂ ಕೈಯಲ್ಲಿ ಹಿಡಿದು ಗರಗರ ತಿರುಗಿದಳು. “ಮಮ್ಮಿ, ಅಲ್ಲಿ ರಾಜನ ಅರಮನಿ ಮುಂದ ಇದನ್ನ ಹಾಕ್ಕೊಂಡು ಫೋಟೋ ತಗಸ್ಕೋತೀನಿ. ಟೀಚರ್ ತರ್ಲಿಕ್ಕೆ ಹೇಳ್ಯಾರ, ಕ್ಲಾಸಿನಾಗ ಹಚ್ತಾರಂತ.”

ರತ್ನದೀಪ ಹೆಂಡತಿಯನ್ನು ನೋಡಿದ. ಅವಳು ಗೋಡೆಯ ಕಡೆ ತಿರುಗಿದಳು. ಒಂದು ದಿನದ ಮಾತು. ತಾನು ಮುಖ ಮುರಿದು ಮನೆಯಲ್ಲಿ ಕೂತರೆ ಸೂಗಮ್ಮ ಕಳೆದುಕೊಳ್ಳುವುದೇನು? ಟೆಂಪೋದಲ್ಲಿ ಇನ್ನಷ್ಟು ಸಡಿಲವಾಗಿ ಕೂರುತ್ತಾಳೆ. ಹೋಗದಿದ್ದರೆ ಸೋಮವಾರ ತರಗತಿಯಲ್ಲಿ ಮುಖ ಮುಚ್ಚಿಕೊಳ್ಳಬೇಕಾದವಳು ಈ ಹುಡುಗಿ. ಹೋದರೆ ಎರಡು ಮರದ ಕೆಳಗೆ ಎರಡು ಸಲ ಕೂತು ಅವರ ರೊಟ್ಟಿಯನ್ನು ಹೊಗಳಿ ತಿಂದು, ತನ್ನ ನೀರಿನ ಸೀಲು ಒಡೆದು ಕೊಟ್ಟು ಬರಬೇಕು. ಎರಡರಲ್ಲಿ ಯಾವುದನ್ನು ನುಂಗುವುದು ಸಲೀಸು ಎಂದು ತೂಗಿ ನೋಡಿದಳು. ಮಗಳ ಕಡೆಯೇ ತೂಗಿತು.

ಶನಿವಾರ ಬಜಾರಿಗೆ ಹೋಗಿ ನೀರಿನ ಬಾಟಲಿಗಳ ಡಬ್ಬ ತಂದಳು. ಚಿಪ್ಸು ತಂದಳು, ತಾಟು ತಂದಳು. ಸಂಜೆ ಸೂಗಮ್ಮನ ಮನೆಯಿಂದ ಎಣ್ಣೆಗಾಯಿಯ ವಾಸನೆ ಓಣಿ ತುಂಬ ಹಬ್ಬಿತ್ತು. ದಿನಾ ಬಾಯಲ್ಲಿ ನೀರು ತರಿಸುತ್ತಿದ್ದ ವಾಸನೆಗೆ ಅಂದು ಕಿಟಕಿ ಮುಚ್ಚಿದಳು.

ಭಾನುವಾರ ಕತ್ತಲು ಇನ್ನೂ ಸರಿದಿರಲಿಲ್ಲ. ಪೂನಂ ಯಾರೂ ಎಬ್ಬಿಸದೆ ಎದ್ದು, ಕುರ್ತಾ ತೊಟ್ಟು, ಎರಡು ಜಡೆ ತಾನೇ ಹೆಣೆದುಕೊಂಡಿದ್ದಳು. ರತ್ನದೀಪ ಇಸ್ತ್ರಿಯ ತಿಳಿನೀಲಿ ಅಂಗಿ ಹಾಕಿಕೊಂಡು ಚೀಲ ಹೊತ್ತು ಮಗಳ ಜೊತೆ ಮುಂದೆ ನಡೆದ. ಸ್ನೇಹಲ ಮನೆಗೆ ಬೀಗ ಹಾಕಿ, ನೀರಿನ ಡಬ್ಬ ಎತ್ತಿಕೊಳ್ಳಲು ಕಟ್ಟೆಯ ಮೇಲೆ ಬಗ್ಗಿದಳು. ಮೇಲಿನ ಪ್ಲಾಸ್ಟಿಕ್ ಹಾಳೆ ಎಲ್ಲೋ ಸಿಕ್ಕು ಹರಿಯಿತು. ಒಳಗೆ ಬಾಟಲಿಗಳು ನೀಲಿ ಬೂಚು ಹಾಕಿಕೊಂಡು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಮೈಲಿಗೆ ತಾಗದ ಮರ್ಯಾದಸ್ಥ ನೀರು.

ಅವಳು ಒಂದನ್ನು ಎತ್ತಿ ಬೂಚು ತಿರುಗಿಸಿದಳು. ಕಟಕ್ ಎಂದು ಸೀಲು ಒಡೆಯಿತು. ಬಾಯಾರಿರಲಿಲ್ಲ, ಕುಡಿಯಲೂ ಇಲ್ಲ. ಮತ್ತೆ ಬೂಚು ಕೂರಿಸಿ ಒಳಗಿಟ್ಟು ಇನ್ನೊಂದನ್ನು ಎತ್ತಿದಳು. ಕಟಕ್. ಮತ್ತೊಂದು. ಆ ಸದ್ದಿನಲ್ಲಿ ಎಂಥದೋ ಸಮಾಧಾನವಿತ್ತು. ಡಬ್ಬದಲ್ಲಿ ಒಂದನ್ನೂ ಬಿಡಲಿಲ್ಲ. ಆಮೇಲೆ ಡಬ್ಬವನ್ನು ಸೊಂಟದ ಮೇಲಿಟ್ಟುಕೊಂಡು ನಡೆದಳು.

ಸೂಗಮ್ಮನ ಗೇಟಿನ ಮುಂದೆ ಟೆಂಪೋ ದೀಪ ಹಚ್ಚಿಕೊಂಡು ನಿಂತಿತ್ತು. ಚನ್ನಬಸಪ್ಪ ಮಾಸ್ತರರು ಹಣೆ ತುಂಬ ವಿಭೂತಿ ಹಚ್ಚಿ, ಮಫ್ಲರ್ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ರತ್ನದೀಪ ಮೇಲೆ ಹತ್ತಿ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದ. ಧರ್ಮೇಂದ್ರ ಕೆಳಗಿನಿಂದ ಒಂದೊಂದೇ ಎತ್ತಿ ಕೊಡುತ್ತಿದ್ದ. ಪೂನಂ ಕಿಟಕಿಯ ಸೀಟು ಹಿಡಿದು ಮೂಗನ್ನು ಗಾಜಿಗೆ ಒತ್ತಿದ್ದಳು.

“ಬಂದೇನವ್ವ ಕಲ್ಯಾಣದ ಮಗಳೇ! ಜಲ್ದಿ ಬಾ, ನಿನ್ನ ಸಲುವಾಗಿ ನಿಂತೀವಿ,” ಎಂದಳು ಸೂಗಮ್ಮ. ಸೀಟಿನ ಪಕ್ಕ ಇಡಲೆಂದು ತಾನೇ ಒಂದು ಬಾಟಲಿ ಎತ್ತಿಕೊಂಡಳು. ಹೆಬ್ಬೆರಳು ಬೂಚಿನ ಮೇಲೆ ಓಡಿತು. ಅದು ಸಡಿಲಾಗಿ ತಿರುಗಿತು. ಇನ್ನೊಂದನ್ನು ಮುಟ್ಟಿ ನೋಡಿದಳು. “ಇವುಕ್ಕ ಸೀಲೇ ಇಲ್ಲಲ್ಲ? ಅಂಗಡ್ಯಾಂವ ಮೋಸ ಮಾಡ್ಯಾನ ನೋಡು ನಿನಗ.”

“ಅಂಗಡ್ಯಾಂವಂದು ತಪ್ಪಿಲ್ರಿ ಅಕ್ಕಾ. ನಾನೇ ತೆರದೀನಿ. ಹುಡುಗರಿಗೆ ಬಿಗಿ ಆಗ್ತದಂತ.”

“ಎಲ್ಲಾನೂ?”

“ಎಲ್ಲಾನೂ. ಬಾಯಿ ಹಚ್ಚಿಲ್ರಿ. ಬರೇ ಕೈ ಹಚ್ಚೀನಿ.”

ಸೂಗಮ್ಮ ನಕ್ಕಳು. ಆ ನಗು ಚೂರೂ ಕೆಡಲಿಲ್ಲ, ಅದೇ ಅವಳ ಹೆಚ್ಚುಗಾರಿಕೆ. “ಛಲೋನೇ ಮಾಡಿದಿ. ಆದ್ರ ಗಾಡ್ಯಾಗ ಚೆಲ್ಲತಾವಲ್ಲ ತಂಗಿ? ಇಲ್ಲೇ ಇರಲಿ. ದಾರ್ಯಾಗ ಬ್ಯಾರೆ ತಗೊಂಡ್ರಾತು,” ಎಂದು ಬಾಟಲಿಯನ್ನು ಡಬ್ಬದಲ್ಲಿಟ್ಟು, ಡಬ್ಬವನ್ನು ಗೇಟಿನ ಪಕ್ಕದ ಕಟ್ಟೆಗೆ ಇಳಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ. ಸ್ನೇಹಲಳಿಗೆ ಗೊತ್ತಾಯಿತು.

ಸುಮ್ಮನೆ ಹತ್ತಿ ಕೂರಬೇಕಿತ್ತೋ ಏನೋ. ಆದರೆ ಅದೇ ಹೊತ್ತಿಗೆ ಸೋನಾಲಿಯ ಮಗಳು ನಿದ್ದೆಗಣ್ಣಲ್ಲಿ ಗೇಟಿನಿಂದ ಹೊರಗೆ ಬಂದಳು. ಕಟ್ಟೆಯ ಮೇಲೆ ನೀರು ಕಂಡಿತು. ಮಗುವಿಗೆ ನೀರು ನೀರಷ್ಟೇ. ಎರಡೂ ಕೈಯಲ್ಲಿ ಬಾಟಲಿ ಎತ್ತಿ, ಬೂಚು ಬಿಸಾಕಿ, ಗಟಗಟ ಕುಡಿಯತೊಡಗಿತು.

“ಏ! ಅದನ್ನ ಕುಡೀಬ್ಯಾಡ!” ಸೂಗಮ್ಮನ ಬಾಯಿಂದ ಚೀರು ಹೊರಬಿದ್ದುಬಿಟ್ಟಿತು. ಸೋನಾಲಿ ಓಡಿ ಬಂದು ಬಾಟಲಿ ಕಸಿದುಕೊಂಡಳು. ಮಗು ಅಂಗಿ ತೋಯಿಸಿಕೊಂಡು ಅಳಲು ಶುರುಮಾಡಿತು. ಡ್ರೈವರ್ ಇಂಜಿನ್ ಬಂದ್ ಮಾಡಿ ಹೊರಗೆ ಇಣುಕಿದ.

ಪೂನಂ ಕಿಟಕಿಯ ಗಾಜು ಸರಿಸಿದಳು. “ಯಾಕ್ರಿ ದೊಡ್ಡಮ್ಮ? ಆ ನೀರ್ಗೆ ಏನಾಗ್ಯಾದ?”

ಸೂಗಮ್ಮ ಸೋನಾಲಿಯ ಕಡೆ ನೋಡಿದಳು.

“ನಮ್ಮ ಮನೀದೇ ಅದು. ನಿನ್ನೆ ಮಮ್ಮಿ ತಂದಾಳ. ಏನಾಗ್ಯಾದ ಅದಕ್ಕ?”

“ತಂಪದವ್ವ, ನೆಗಡಿ ಆಗ್ತದ,” ಎಂದಳು ಸೋನಾಲಿ. ಹೇಳುವಾಗ ಮಾತ್ರ ಪೂನಂಳ ಮುಖ ನೋಡಲಿಲ್ಲ. ಸೂಗಮ್ಮ ಗೇಟಿನ ಚಿಲಕ ಹಾಕುವುದರಲ್ಲಿ ಮಗ್ನಳಾದಳು.

ಟೆಂಪೋದ ಮೇಲೆ ಹಗ್ಗ ಬಿಗಿಯುತ್ತಿದ್ದ ಕೈ ನಿಂತಿತ್ತು. ರತ್ನದೀಪ ಏಣಿಯಿಂದ ಮೆಲ್ಲಗೆ ಇಳಿದು ಬಂದ. ಸ್ನೇಹಲ ಅವನ ಮುಖ ನೋಡಲಿಲ್ಲ. ನೋಡಿದರೆ ಮತ್ತೆ ಆ ತಗ್ಗಿದ ತಲೆಯೇ ಕಾಣುತ್ತದೆಂಬ ಭಯ. ಅವನು ಕಟ್ಟೆಗೆ ಹೋಗಿ ಒಂದು ಬಾಟಲಿ ಎತ್ತಿ, ಬಾಯಿಗೆ ಹಚ್ಚಿ, ಎಲ್ಲರ ಮುಂದೆ ನಿಂತು ಪೂರ್ತಿ ಕುಡಿದ. ಕುಡಿದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹೆಗಲ ಚೀಲಕ್ಕೆ ಕೈ ಹಾಕಿ ಬಿಸ್ಕಿಟಿನ ಪುಡಿಕೆ ತೆಗೆದ. ಮುಂದಿನ ಸೀಟಿನ ಕಿಟಕಿಗೆ ಹೋಗಿ ಚಾಚಿದ.

“ತಗೋರಿ ಸರ್. ಇದು ಸೀಲ್ ಅದ.”

ಚನ್ನಬಸಪ್ಪ ಮಾಸ್ತರರ ಕೈ ರೂಢಿಯಂತೆ ಹೊರಬಂದು ಪುಡಿಕೆ ತೆಗೆದುಕೊಂಡಿತು. ತೆಗೆದುಕೊಂಡ ಮೇಲೆ ಅದನ್ನೇನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು.

“ರತ್ನದೀಪ ಸರ್, ಸಣ್ಣ ಮಾತಿಗೆಲ್ಲಾ...” ಎಂದು ಧರ್ಮೇಂದ್ರ ಶುರುಮಾಡಿದ. ರತ್ನದೀಪ ಮತ್ತೆ ಮೇಲೆ ಹತ್ತಿ ಆಗಲೇ ಬಿಗಿದಿದ್ದ ಹಗ್ಗ ಬಿಚ್ಚುತ್ತಿದ್ದ. ತಮ್ಮ ಒಂದು ಚೀಲವನ್ನು ಎಳೆದು ಕೆಳಗಿಳಿಸಿದ. ಟೆಂಪೋದ ಬಾಗಿಲು ಸರಿಸಿ ಮಗಳಿಗೆ ಕೈ ಚಾಚಿದ. “ಇಳಿ.”

“ನಾ ಇಳಿಯಂಗಿಲ್ಲ!” ಪೂನಂ ಸೀಟಿನ ಕಂಬಿ ಹಿಡಿದಳು. “ನೀವು ಹೋಗೋಣಂದಿದ್ರಿ. ನಾ ಎಲ್ಲಾರಿಗೂ ಹೇಳೀನಿ.”

“ಹೋಗೋಣ. ಬಸ್ಸಿಗೆ ಹೋಗೋಣ.”

“ಖರೇನಾ?”

“ಖರೇನ.”

ಪೂನಂ ಒಮ್ಮೆ ಸೂಗಮ್ಮನನ್ನು ನೋಡಿದಳು, ಒಮ್ಮೆ ಕಟ್ಟೆಯ ಮೇಲಿನ ನೀರನ್ನು ನೋಡಿದಳು. ಕಂಬಿ ಬಿಟ್ಟು ಇಳಿದಳು. ಇಳಿದ ಮೇಲೆ ಅಳು ಒತ್ತರಿಸಿ ಬಂದು ಮುಖವನ್ನು ಅಮ್ಮನ ಸೀರೆಯಲ್ಲಿ ಮುಚ್ಚಿಕೊಂಡಳು.

ಟೆಂಪೋ ಹೋಯಿತು. ಅದರ ಹೊಗೆಯ ಹಿಂದೆ ಎಣ್ಣೆಗಾಯಿಯ ವಾಸನೆ ಸ್ವಲ್ಪ ಹೊತ್ತು ಉಳಿದು ಅದೂ ಹೋಯಿತು. ಓಣಿಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ರತ್ನದೀಪ ಚೀಲವನ್ನು ಸ್ನೇಹಲಳ ಕೈಗೆ ಕೊಟ್ಟು, ಕಟ್ಟೆಯ ಮೇಲಿನ ನೀರಿನ ಡಬ್ಬವನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ.

“ಇದ್ಯಾಕ? ಬಿಡ್ರಿ, ಬಸ್ ಸ್ಟ್ಯಾಂಡಿನಾಗ ಸಿಗ್ತಾವ,” ಎಂದಳು ಸ್ನೇಹಲ.

“ನಮ್ಮದೇ ಅದ. ಇರಲಿ.”

ಮೂವರೂ ಹೆದ್ದಾರಿಯ ಕಡೆ ನಡೆದರು. ಗಂಡನ ಮೇಲಿನ ಅಸಹ್ಯ ಪೂರ್ತಿ ಹೋಯಿತೇ ಎಂದು ಸ್ನೇಹಲ ತನ್ನನ್ನೇ ಕೇಳಿಕೊಂಡಳು. ಹೋಗಿರಲಿಲ್ಲ. ಇಷ್ಟು ವರ್ಷದ ಬಿಸ್ಕಿಟು ಒಂದು ಮುಂಜಾನೆಗೆ ಕರಗುವಂಥದ್ದಲ್ಲ. ಆದರೂ ಅವನಿಂದ ಒಂದು ಹೆಜ್ಜೆ ದೂರ ನಡೆಯುತ್ತಿದ್ದವಳು ಈಗ ಪಕ್ಕಕ್ಕೆ ಬಂದಿದ್ದಳು. ಸಡಿಲವಾದ ಬೂಚುಗಳಿಂದ ನೀರು ಸೋರಿ, ಡಬ್ಬದ ಮೂಲೆಯಿಂದ ಅವನ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಇಳಿದು ಇಸ್ತ್ರಿಯ ಅಂಗಿ ಮೈಗಂಟಿತ್ತು. ಜನವರಿಯ ಚಳಿ. ಅವನು ಹೆಗಲು ಬದಲಿಸಲಿಲ್ಲ, ಅವಳೂ ಹೇಳಲಿಲ್ಲ. ಹಿಂದೆ ಬರುತ್ತಿದ್ದ ಪೂನಂ ಮೂಗು ಏರಿಸಿಕೊಳ್ಳುತ್ತ, ಅಪ್ಪನ ಬೆನ್ನಿನಿಂದ ರಸ್ತೆಯ ಧೂಳಿಗೆ ಉದುರಿದ ಹನಿಗಳನ್ನು ತುಳಿಯದಂತೆ ಒಂದೊಂದನ್ನೇ ದಾಟಿ ದಾಟಿ ಬರುತ್ತಿದ್ದಳು.